ನಗು ಸ್ವೀಕೃತವಾಗಿದೆ

ಅಂಗಡಿ ಬಿಲ್ಲಿನ ಬೆನ್ನಿಗೆ ಯಾರೋ ಅಗಿದು ಉಗಿದ ಚೂಯಿಂಗ್ ಗಮ್ ಅಂಟಿಕೊಂಡಿತ್ತು. ಇನ್ನೂ ಒಣಗಿರಲಿಲ್ಲ. ಅದು ಮೆತ್ತಗೆ ಬೆರಳಿಗೆ ಹತ್ತಿದಾಗ ಅವನ ಮೈ ಒಮ್ಮೆ ಮುದುಡಿಕೊಂಡಿತು. ಆದರೂ ಕೈ ಬಿಡಲಿಲ್ಲ. ಕಾಗದ ಹರಿಯದ ಹಾಗೆ ಎಳೆದು ಬಿಡಿಸಿ, ತೊಡೆಯ ಮೇಲೆ ತೀಡಿ, ದಿನಾಂಕ ನೋಡಿದ. ಇವತ್ತಿನದೇ. ಕೆಳಗಿನಿಂದ ಮೂರನೆಯ ಸಾಲಿನಲ್ಲಿ ಪಾತ್ರೆ ತೊಳೆಯುವ ಸೋಪೂ ಇತ್ತು. ಕೊಂಡವರು ಯಾರೆಂದು ಫೋನಿನಲ್ಲಿನ ದುಡ್ಡು-ವಾಪಸು ಆ್ಯಪು ಕೇಳುವುದಿಲ್ಲ. ಇವತ್ತಿನ ಬಿಲ್ಲು, ಅದರಲ್ಲಿ ಆ್ಯಪಿನ ಪಟ್ಟಿಯ ಒಂದು ಸಾಮಾನು, ಇಷ್ಟಿದ್ದು ಫೋಟೋ ತೆಗೆದು ಹಾಕಿದರೆ ಬೆಲೆಯ ಒಂದು ಪಾಲು ಅವನ ಖಾತೆಗೆ ಬಂದು ಬೀಳುತ್ತಿತ್ತು. ಅಂಗಡಿಯ ಬಾಗಿಲ ಬಳಿಯ ಕಸದ ಡಬ್ಬಿಯಲ್ಲಿ ಇಂಥವು ದಿನವೂ ನಾಲ್ಕಾರು ಸಿಗುತ್ತಿದ್ದವು. ಇನ್ನೊಮ್ಮೆ ಬಗ್ಗಿದಾಗ ಹಿಂದಿನಿಂದ ದನಿ ಬಂತು: "ಏನಾದ್ರೂ ಕಳ್ಕೊಂಡ್ರಾ ಸಾರ್?" ಬಾಗಿಲು ಕಾಯುವ ಮುದುಕ. ಕಾಲರು ಸವೆದ ಸಮವಸ್ತ್ರ, ಮುಖದ ತುಂಬ ನಿಜವಾದ ಕಳಕಳಿ. "ಬಿಲ್ಲು," ಎಂದ ಅವನು, "ತಪ್ಪಿ ಎಸೆದ್ಬಿಟ್ಟೆ." "ಅಯ್ಯೋ, ನೀವ್ಯಾಕೆ ಕೈ ಹಾಕ್ತೀರಾ, ಬಿಡಿ ಬಿಡಿ," ಎನ್ನುತ್ತ ಮುದುಕ ತೋಳು ಮೇಲಕ್ಕೆ ಸರಿಸಿ ಮೊಣಕೈವರೆಗೆ ಡಬ್ಬಿಯೊಳಗೆ ಕೈ ಇಳಿಸಿದ. ಒಡೆದ ಹಾಲಿನ ಪೊಟ್ಟಣದ ಹುಳಿ ನಾತ ಮೇಲೆದ್ದಿತು. ಐದು ಬಿಲ್ಲು ಹೊರಬಂದವು. "ಇದ್ರಲ್ಲಿ ನಿಮ್ದು ಯಾವ್ದು ನೋಡ್ಕೊಳ್ಳಿ." ಒಂದನ್ನು ಆರಿಸಿಕೊಂಡು ಹೊರಟುಬಿಡಬಹುದಿತ್ತು. ಅವನು ಐದನ್ನೂ ತೆಗೆದುಕೊಂಡು, "ಮನೇಲಿ ನೋಡ್ತೀನಿ, ಕನ್ನಡಕ ತಂದಿಲ್ಲ," ಎಂದ. ಕನ್ನಡಕ ಮೂಗಿನ ಮೇಲೇ ಇತ್ತು. ಮುದುಕ ಅದನ್ನು ನೋಡಿದ. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅವನು ಒಳಗೆ ಹೋಗಲೆಂದು ಬಾಗಿಲು ತೆರೆದು ಹಿಡಿದ.

ಮನೆಯಲ್ಲಿ ಬಡತನವೇನೂ ಇರಲಿಲ್ಲ. ಔಷಧಿ ಡಬ್ಬಿಗಳಿಗೆ ಅಂಟಿಸುವ ಚೀಟಿಗಳನ್ನು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅವನಿಗೆ ಕರಡು ತಿದ್ದುವ ಕೆಲಸ. ಹೆಂಡತಿಗೆ ಕನ್ನಡಕದಂಗಡಿಯಲ್ಲಿ ಕಣ್ಣು ತಪಾಸಣೆ ಮಾಡುವ ಕೆಲಸ. ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲೂ ಒಂದು ಕೊಂಬು ಬಿಟ್ಟುಹೋಗಿದ್ದರೆ ಹಿಡಿಯುತ್ತಾನೆಂದು ಜೊತೆಯವರು ಅವನಿಗೆ ಕೊಂಬಣ್ಣ ಎಂದು ಹೆಸರಿಟ್ಟಿದ್ದರು. ಆ ಹೆಸರಿನಲ್ಲಿ ಗೇಲಿಯಿದ್ದರೂ ಒಳಗೊಳಗೇ ಅವನಿಗೆ ಹಿತವಾಗುತ್ತಿತ್ತು. ಮೊದಲ ಸಲ ಹಲ್ಲುಪೇಸ್ಟಿನ ದುಡ್ಡು ಪೂರಾ ವಾಪಸು ಬಂದಾಗ ಆದದ್ದೂ ಅಂಥದೇ ಹಿತ. ಯಾರೋ ತನ್ನ ಜೇಬಿಗೆ ಕೈ ಹಾಕಲು ಬಂದಿದ್ದರು, ತಾನು ಅವರ ಮಣಿಕಟ್ಟು ಹಿಡಿದುಬಿಟ್ಟೆ ಎನ್ನುವ ಹಾಗೆ. ಆಮೇಲೆ ಆ್ಯಪು ಕೊಳ್ಳು ಎಂದದ್ದನ್ನೆಲ್ಲ ಕೊಳ್ಳತೊಡಗಿದ. ಕಪಾಟು ಹನ್ನೊಂದು ಹಲ್ಲುಪೇಸ್ಟು, ಕೂಸುಗಳಿಗೆ ಹಚ್ಚುವ ಪೌಡರು, ಬೆಕ್ಕಿನ ಆಹಾರದ ಆರು ಡಬ್ಬಿಗಳಿಂದ ತುಂಬಿಹೋಯಿತು. "ನಮ್ಮನೇಲಿ ಬೆಕ್ಕೂ ಇಲ್ಲ, ಕೂಸೂ ಇಲ್ಲ," ಎಂದಿದ್ದಳು ಹೆಂಡತಿ, ಸಕ್ಕರೆ ಹುಡುಕುತ್ತ. "ಇಲ್ಲದವರ ಸಾಮಾನೆಲ್ಲ ಇದೆ, ಇರೋರಿಗೆ ಸಕ್ಕರೆ ಇಲ್ಲ. ಏನ್ರೀ ಇದು ಸಂಸಾರ?" ಸಕ್ಕರೆಗೆ ಆ ತಿಂಗಳು ಏನೂ ವಾಪಸು ಬರುತ್ತಿರಲಿಲ್ಲ. ಅವನು ಪೇಟೆಯ ಆಚೆ ತುದಿಯ ಅಂಗಡಿಯಲ್ಲಿ ಬರುತ್ತದೆಂದು ಕೇಳಿ ಎರಡು ಬಸ್ಸು ಬದಲಿಸಿ ಹೋಗಿಬಂದ. ಬಸ್ಸಿಗೆ ಕೊಟ್ಟದ್ದನ್ನು ಹೆಂಡತಿಗೆ ಹೇಳಲಿಲ್ಲ, ತನಗೂ ಹೇಳಿಕೊಳ್ಳಲಿಲ್ಲ.

ಇವತ್ತು ಕೊಳ್ಳಬೇಕಾದದ್ದು ಸೂಪಿನ ಪುಡಿ. ಎರಡನೆಯ ಸಾಲಿನ ಕೊನೆಯಲ್ಲಿ ಹಳದಿ ಪೊಟ್ಟಣಗಳು. ಕೈ ತಾನಾಗಿ ಏಳನ್ನು ಎಣಿಸಿ ಬುಟ್ಟಿಗೆ ಹಾಕಿತು, ವಾರಕ್ಕೆ ಏಳು. ಸೂಪು ಅಕ್ಕನಿಗೆ. ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು, ಅಮ್ಮ ಹೋದಮೇಲೆ ಅವನನ್ನು ಸಾಕಿದವಳು, ಮದುವೆಯ ಮಾತು ಬಂದಾಗಲೆಲ್ಲ "ಇವನೊಂದು ದಡ ಸೇರಲಿ" ಎಂದವಳು. ಅವನು ದಡ ಸೇರುವ ಹೊತ್ತಿಗೆ ಮಾತು ತರುವವರು ನಿಂತುಹೋಗಿದ್ದರು. ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಮೇಲಂತಸ್ತಿನ ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಂತಿದೆಯೆಂದು ಮೈಕಿನಲ್ಲಿ ಹೇಳಿದವಳು ಅವಳು. ಊರಿಗೆಲ್ಲ ಗೊತ್ತಿದ್ದ ದನಿ, ಯಾರೂ ಕಾಣದ ಮುಖ. ಆದರೂ ದಿನವೂ ಇಸ್ತ್ರಿ ಮಾಡಿದ ಬಟ್ಟೆಯನ್ನೇ ಉಟ್ಟು, ಒಂದು ಕೂದಲೂ ಅಲುಗದಂತೆ ಬಾಚಿಕೊಂಡು ಹೋಗುತ್ತಿದ್ದಳು. "ಯಾರಿಗೆ ಕಾಣುತ್ತೆ ಅಂತ ಇಷ್ಟೆಲ್ಲ?" ಎಂದು ಅವನೊಮ್ಮೆ ಕೇಳಿದ್ದ. "ಹೇಗ್ಹೇಗೋ ಕೂತ್ಕೊಂಡ್ರೆ ದನೀಗೆ ಗೊತ್ತಾಗುತ್ತೆ ಕಣೋ." ಹೋದ ವರ್ಷ ಬಲಗಡೆಗೆ ಲಕ್ವ ಹೊಡೆದಾಗ ಮೊದಲು ಹೋದದ್ದು ಆ ದನಿಯೇ. ಬಾಯಿ ಎಡಕ್ಕೆ, ಮೇಲಕ್ಕೆ ಸೊಟ್ಟಗೆ ಎಳೆದುಕೊಂಡು ನಿಂತುಬಿಟ್ಟಿತು. ಮಾತು ಶಾಯಿ ಹರಡಿದ ಅಚ್ಚಿನಂತಾಯಿತು. ಅಂದಿನಿಂದ ಅವಳು ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟಳು. ಯಾರಾದರೂ ಬಂದರೆ ಎಡಗೈಯಲ್ಲಿ ಬಾಗಿಲು ತೋರಿಸುತ್ತಿದ್ದಳು, ಹಾಕು ಎಂದು. ನಿಲ್ದಾಣದ ಹಳೆಯ ಜೊತೆಗಾತಿಯರು ಹೂವು ಹಿಡಿದುಕೊಂಡು ಬಂದಾಗ ಒಳಗಿನಿಂದ ಉಸಿರು ಕೂಡ ಕೇಳಿಸಲಿಲ್ಲ. ಅವರು ಒಂದರ್ಧ ಗಂಟೆ ಕೂತು ಹೂವನ್ನು ಕುರ್ಚಿಯ ಮೇಲಿಟ್ಟು ಹೋದರು.

ರಾತ್ರಿಯ ಊಟ ತಿನ್ನಿಸುವ ಪಾಳಿ ಅವನದು. ಚಮಚ ಬಾಯಿಗೆ ಹೋಗುವಾಗ ಅವನು ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದ. ಒಳಗೆ ಹೋದದ್ದರಲ್ಲಿ ಕಾಲು ಭಾಗ ಬಾಯಿಯ ಮೂಲೆಯಿಂದ ಜೊಲ್ಲಿನ ಜೊತೆ ಹೊರಗೆ ಬಂದು ಗದ್ದದಲ್ಲಿ ನಿಲ್ಲುತ್ತಿತ್ತು, ಅದನ್ನು ಚಮಚದ ಅಂಚಿನಿಂದ ಕೆರೆದು ಮತ್ತೆ ಒಳಗೆ ಹಾಕಬೇಕಿತ್ತು. ಆ ಸದ್ದು, ನುಂಗಿದಾಗ ಗಂಟಲಿನಲ್ಲಿ ಆಗುವ ಗೊಳಕ್ಕೆಂಬ ಸದ್ದು, ಅವನ ಹೊಟ್ಟೆಯನ್ನು ತೊಳಸುತ್ತಿತ್ತು. ತನ್ನನ್ನು ಎತ್ತಿ ಆಡಿಸಿದವಳ ಗಂಟಲಲ್ಲವೇ ಎಂದು ಎಷ್ಟು ಹೇಳಿಕೊಂಡರೂ ಹೊಟ್ಟೆಗೆ ನೀತಿ ತಿಳಿಯುತ್ತಿರಲಿಲ್ಲ. ಸೂಪಿನ ಕಂಪನಿಯ ಕೊಡುಗೆ ಬಂದದ್ದು ಅಂಥದೊಂದು ವಾರದಲ್ಲಿ. ಬಿಲ್ಲು ಹಾಕಿದರೆ ಅರ್ಧ ದುಡ್ಡು ವಾಪಸು. ಬಿಲ್ಲಿನ ಜೊತೆ, ಪೊಟ್ಟಣಕ್ಕೊಂದರಂತೆ, ಮನೆಯವರು ಅದನ್ನು ಕುಡಿದು ನಗುತ್ತಿರುವ ಫೋಟೋ ಹಾಕಿದರೆ ಪೂರ್ತಿ. ಮೊದಲು ತನ್ನದೇ ಫೋಟೋ ತೆಗೆದು ನೋಡಿದ. ಬಟ್ಟಲು ಹಿಡಿದು ಹಲ್ಲು ಕಿರಿದ. "ನಗು ಕಾಣುತ್ತಿಲ್ಲ, ಮತ್ತೆ ಪ್ರಯತ್ನಿಸಿ" ಎಂದಿತು ಆ್ಯಪು. ಮೂರು ಸಲ ಪ್ರಯತ್ನಿಸಿದ. ಹೆಂಡತಿಯನ್ನು ಕೇಳಿದಾಗ, "ನಗೋ ಹಾಗೆ ಏನಿದೆ ಇಲ್ಲಿ?" ಎಂದು ಎದ್ದುಹೋದಳು. ಆಮೇಲೆ ಅಕ್ಕನ ಕೋಣೆಗೆ ಬಟ್ಟಲು ತಂದ. ಚಮಚ ಬಾಯಲ್ಲಿದ್ದಾಗ, ಎಳೆದುಕೊಂಡ ತುಟಿಯ ಸಂದಿಯಿಂದ ಎಡಗಡೆಯ ನಾಲ್ಕು ಹಲ್ಲು ಕಾಣುತ್ತಿದ್ದಾಗ, ಫೋನೆತ್ತಿ ಒತ್ತಿದ. ಸುಮ್ಮನೆ, ನೋಡೋಣವೆಂದು. ಪರದೆಯ ಮೇಲೆ ಹಸಿರು ವೃತ್ತವೊಂದು ಅವಳ ಬಾಯಿಯ ಸುತ್ತ ಮೂಡಿ ಮಿನುಗಿತು. "ನಗು ಸ್ವೀಕೃತವಾಗಿದೆ."

ನಲವತ್ತು ದಿನವಾಗಿತ್ತು. ದಿನಕ್ಕೊಂದು ಪೊಟ್ಟಣ, ದಿನಕ್ಕೊಂದು ನಗು. ಎಡಗಡೆಯಿಂದ, ಸ್ವಲ್ಪ ಕೆಳಗಿನಿಂದ ತೆಗೆದರೆ ಒಂದೇ ಸಲಕ್ಕೆ ಸಿಗುತ್ತದೆಂದು ಕಲಿತಿದ್ದ. "ಏನದು?" ಎಂದು ಅಕ್ಕ ಮೊದಲ ದಿನ ಕೇಳಿದಾಗ, "ಡಾಕ್ಟ್ರಿಗೆ ತೋರಿಸೋಕೆ," ಎಂದಿದ್ದ. ಅಭಿಪ್ರಾಯದ ಜಾಗದಲ್ಲಿ, "ನಮ್ಮ ಅಕ್ಕನಿಗೆ ತುಂಬಾ ಇಷ್ಟ, ಬೇರೆ ಏನೂ ಬೇಡ ಅನ್ನುತ್ತಾರೆ," ಎಂದು ಬರೆದಿದ್ದ. ಆಶ್ಚರ್ಯಸೂಚಕ ಚಿಹ್ನೆ ಹಾಕಿ, ಅತಿಯಾಯಿತೆಂದು ಅಳಿಸಿದ್ದ.

ದುಡ್ಡು ಕೊಡುವ ಸಾಲಿನಲ್ಲಿ ಅವನ ಮುಂದೆ ನಾಲ್ವರಿದ್ದರು. ಗಲ್ಲಾದ ಮೇಲೆ ತೂಗುಹಾಕಿದ ದೊಡ್ಡ ಪರದೆಯಲ್ಲಿ ಟೊಮೇಟೊ ಉರುಳಿತು, ಸೋಪಿನ ನೊರೆ ಉಕ್ಕಿತು, ಆಮೇಲೆ ಒಂದು ಬಾಯಿ ಕಾಣಿಸಿತು. ಅದೆಷ್ಟು ದೊಡ್ಡದಾಗಿತ್ತೆಂದರೆ ಮೊದಲಿಗೆ ಅದು ಬಾಯಿಯೆಂದೇ ತಿಳಿಯಲಿಲ್ಲ. ಚಿತ್ರ ಮೆಲ್ಲಗೆ ಹಿಂದಕ್ಕೆ ಸರಿಯುತ್ತ ತುಟಿ, ಗದ್ದದ ಮೇಲೆ ಹೊಳೆಯುವ ಹಳದಿ ಹನಿ, ಬಾಚದ ನರೆಗೂದಲು, ಎಣ್ಣೆ ಕಲೆಯ ದಿಂಬು ಒಂದೊಂದಾಗಿ ಬಂದವು. ಕೊನೆಗೆ ಕಣ್ಣು. ಬಾಯಿಗೂ ಕಣ್ಣಿಗೂ ಸಂಬಂಧವೇ ಇರಲಿಲ್ಲ. ಕಣ್ಣು ಫೋನು ಹಿಡಿದವನನ್ನು, ಈಗ ಸಾಲಿನಲ್ಲಿ ನಿಂತವರನ್ನೆಲ್ಲ, ನೆಟ್ಟಗೆ ನೋಡುತ್ತಿತ್ತು. ಕೆಳಗೆ ದಪ್ಪ ಅಕ್ಷರಗಳಲ್ಲಿ, "ಈ ವಾರದ ಮನೆನಗು." ಅದರ ಕೆಳಗೆ ಅವನೇ ಬರೆದ ಸಾಲು. "ಪಾಪ, ಎಷ್ಟು ಖುಷಿ ನೋಡಿ ಅಜ್ಜಿಗೆ," ಎಂದಳು ಮುಂದಿದ್ದ ಹೆಂಗಸು, ತನ್ನ ಪಕ್ಕದವಳಿಗೆ. ಪಕ್ಕದವಳು ಮೂಗು ಮುರಿದಳು: "ಬಾಯಾದ್ರೂ ಒರೆಸಿ ತೆಗೀಬಾರ್ದಿತ್ತಾ? ಸಾಮಾನು ತಗೊಳ್ಳೋ ಜಾಗದಲ್ಲಿ, ಥೂ." ಅವನ ಕಿವಿ ಕಾದು ಗುಂಯ್‌ಗುಟ್ಟಿತು. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ನಡುಗಿತು, ತೆಗೆದು ನೋಡಿದ. ವಾರದ ನಗುವಿಗೆ ವಿಶೇಷ ಬಹುಮಾನ ಜಮೆಯಾಗಿದೆಯೆಂದು ಬರೆದಿತ್ತು. ಮೊದಲು ಬಂದದ್ದು ಖುಷಿ. ಅದನ್ನು ಅವನು ಆಮೇಲೆ ಎಷ್ಟು ಸಲ ಒರೆಸಿದರೂ ಒರೆಸಲಾಗಲಿಲ್ಲ: ಆ ಪರದೆಯ ಕೆಳಗೆ ನಿಂತು, ಆ ಮಾತು ಕಿವಿಯಲ್ಲಿರುವಾಗಲೇ, ಮೊದಲು ಬಂದದ್ದು ಖುಷಿ. ನಾಚಿಕೆ ಅದರ ಹಿಂದೆ, ಸಾಲಿನಲ್ಲಿ ತನ್ನ ಸರದಿಗೆ ಕಾದು ಬಂತು.

ಗಲ್ಲಾದಲ್ಲಿ ಕೂತಿದ್ದಾಕೆಗೆ, "ಆ ಚಿತ್ರ ತೆಗೆಸ್ಬೇಕಲ್ಲ," ಎಂದ. ಆಕೆ ಮೇಲೆ ನೋಡಿ, "ಯಾವ್ದು? ಅಜ್ಜೀದಾ? ನಿಮ್ಗೇನಾಗ್ಬೇಕು ಅವ್ರು?" ಎಂದಳು. ಏನೂ ಆಗಬೇಕಿಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತು. "ಗೊತ್ತಿರೋರು," ಎಂದ. ಅದು ಇನ್ನೂ ಹೊಲಸಾಗಿ ಕೇಳಿಸಿತು. "ನಮ್ ಕೈಲಿಲ್ಲ ಸಾರ್, ಕಂಪ್ನಿಯಿಂದಾನೇ ಬರುತ್ತೆ. ಮನೆಯವ್ರು ಒಪ್ಕೊಂಡ್ರೇನೇ ಹಾಕೋದಂತೆ. ಸೋಮ್ವಾರದಿಂದ ಓಡ್ತಿದೆ," ಎನ್ನುತ್ತ ಆಕೆ ಏಳೂ ಪೊಟ್ಟಣವನ್ನು ಕೆಂಪು ಬೆಳಕಿಗೆ ಹಿಡಿದಳು. ಹೌದು, ಒಪ್ಪಿದ್ದ. ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದ ಆ ಷರತ್ತುಗಳನ್ನು ಬೇರೆಯವರು ಓದದೆ ಒಪ್ಪಿರಬಹುದು, ಅವನು ಓದಿದ್ದ. ಕಸುಬಿನ ಚಾಳಿ. ಚಿತ್ರವನ್ನು ಪ್ರಚಾರಕ್ಕೆ ಬಳಸುವ ಹಕ್ಕು ಎಂಬಲ್ಲಿ ಒಂದು ಒತ್ತು ತಪ್ಪಾಗಿದ್ದುದನ್ನು ಕಂಡು ಮನಸ್ಸಿನಲ್ಲೇ ತಿದ್ದಿ, ಆಮೇಲೆ ಚೌಕದೊಳಗೆ ಸರಿ ಗುರುತು ಹಾಕಿದ್ದ. "ಬಿಲ್ಲು ಬೇಕಾ ಸಾರ್?" ಎಂದಳಾಕೆ. "ಬೇಕು," ಎಂದು ಕೈಚಾಚಿದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಆ್ಯಪನ್ನು ತೆರೆದು, ಖಾತೆ ಅಳಿಸು ಎನ್ನುವ ಜಾಗ ಹುಡುಕಿದ. ಅಳಿಸಿದರೆ ಜಮೆಯಾದದ್ದೆಲ್ಲ ಹೋಗುತ್ತದೆ, ಖಚಿತವೇ ಎಂದು ಕೇಳಿತು. ಹೆಬ್ಬೆರಳು ಪರದೆಯ ಮೇಲೆ ನಿಂತಿತು. ಇನ್ನು ಎರಡು ಬಿಲ್ಲು ಹಾಕಿದರೆ ದುಡ್ಡು ಬ್ಯಾಂಕಿಗೆ ಬರುವ ಮಿತಿ ದಾಟುತ್ತಿತ್ತು. ನಾಳೆ ಅಳಿಸಿದರಾಯಿತು, ಎಲ್ಲ ಬಂದಮೇಲೆ. ಬಂದದ್ದರಲ್ಲಿ ಅಕ್ಕನಿಗೆ ಒಂದು ಒಳ್ಳೆಯ ಹೊದಿಕೆ ತರಬಹುದು. ಹೀಗೆ ಯೋಚಿಸುತ್ತಲೇ ಅವನು ಜೇಬಿನಿಂದ ಕಸದ ಡಬ್ಬಿಯ ಬಿಲ್ಲುಗಳನ್ನು ತೆಗೆದು ಮೊಣಕಾಲಿನ ಮೇಲೆ ಬಿಡಿಸತೊಡಗಿದ್ದ. ಪಕ್ಕದಲ್ಲಿದ್ದವನು ಮೂಗಿಗೆ ಕರವಸ್ತ್ರ ಹಿಡಿದು ಆಚೆ ಸೀಟಿಗೆ ಹೋದ. ಹುಳಿ ಹಾಲಿನ ನಾತ. ಅವನಿಗೆ ಆ ನಾತ ತಿಳಿದೇ ಇರಲಿಲ್ಲ. ಈಗ ಬೆರಳು ಮೂಸಿ ನೋಡಿಕೊಂಡ. ಇಳಿಯುವ ಮುಂಚೆ ಬಿಲ್ಲುಗಳನ್ನು ಕಿಟಕಿಯಿಂದಾಚೆ ಬಿಟ್ಟ. ಆರರಲ್ಲಿ ಐದನ್ನು. ಆರನೆಯದು, ಚೂಯಿಂಗ್ ಗಮ್ಮಿನದು, ಬೆರಳಿಗೆ ಅಂಟಿಕೊಂಡಿತ್ತು.

ಮನೆಯ ಮೆಟ್ಟಿಲಲ್ಲಿ ಮಧ್ಯಾಹ್ನದವಳು ಎದುರಾದಳು. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋದಾಗ ಅಕ್ಕನನ್ನು ನೋಡಿಕೊಳ್ಳುವ ಹೆಂಗಸು. ಚಪ್ಪಲಿ ಮೆಟ್ಟುತ್ತ, "ಅಣ್ಣಾ, ಅತ್ತಿಗೆಯವ್ರು ಬರೋದು ಲೇಟಂತೆ. ಅಮ್ಮಾವ್ರು ಇವತ್ತು ತಲೆ ಬಾಚಿಸ್ಕೊಂಡ್ರು ನೋಡಿ," ಎಂದಳು. "ವರ್ಷದಿಂದ ಬೇಡ ಬೇಡ ಅಂತಿದ್ರು. ಟೀವೀಲಿ ಬಂದ್ಮೇಲೆ ಮನಸ್ಸು ಬಂದಿರ್ಬೇಕು." ಅವನ ಕೈಯ ಚೀಲ ಮೆಟ್ಟಿಲಿಗೆ ತಗುಲಿ ಸದ್ದಾಯಿತು. "ಯಾವ ಟೀವೀಲಿ?" "ಅದೇ, ಅಂಗಡೀಲಿ ಬರುತ್ತಲ್ಲಣ್ಣ. ಸೋಮವಾರ ಸಾಮಾನಿಗೆ ಹೋದಾಗ ನೋಡಿ ನನಗಂತೂ ಕುಣಿಯೋ ಹಾಗಾಯ್ತು. ಫೋನಲ್ಲಿ ಹಿಡ್ಕೊಂಡು ಬಂದು ಅಮ್ಮಾವ್ರಿಗೆ ತೋರಿಸ್ದೆ." "ಏನಂದ್ರು?" "ಏನೂ ಅನ್ಲಿಲ್ಲ. ಇನ್ನೊಂದ್ಸಲ ತೋರ್ಸು ಅಂತ ಕೈ ಮಾಡಿದ್ರು. ಮೂರು ಸಲ ನೋಡಿದ್ರು." ಅವಳು ಒಳ್ಳೆಯ ಸುದ್ದಿ ಹೇಳಿದ ಮುಖ ಹೊತ್ತು ಇಳಿದುಹೋದಳು. ಅವನು ಅಲ್ಲೇ ನಿಂತ. ಸೋಮವಾರ. ಇವತ್ತು ಶುಕ್ರವಾರ. ಸೋಮವಾರ ರಾತ್ರಿ, ಮಂಗಳವಾರ, ಬುಧವಾರ, ನಿನ್ನೆ. ನಾಲ್ಕು ರಾತ್ರಿಯೂ ಅವನು ಫೋನೆತ್ತಿದ್ದ. ನಾಲ್ಕು ರಾತ್ರಿಯೂ ಅವಳು ಮುಖ ಎಡಕ್ಕೆ ತಿರುಗಿಸಿ ಬಾಯಿ ತೆರೆದು ಹಿಡಿದಿದ್ದಳು. ನಿನ್ನೆಯಂತೂ ಫೋನು ಅಲುಗಿ ಚಿತ್ರ ಮಸುಕಾಯಿತೆಂದು ಅವನು "ಇನ್ನೊಂದು ಸಲ" ಎಂದಾಗ ಮತ್ತೆ ತೆರೆದಿದ್ದಳು.

ಕೋಣೆಯಲ್ಲಿ ಅಕ್ಕ ದಿಂಬಿಗೆ ಒರಗದೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಬೈತಲೆ ನೇರವಾಗಿತ್ತು. ಅವನು ಅಡುಗೆಮನೆಗೆ ಹೋದ, ನೀರು ಕಾಯಿಸಿದ, ಬೇರೇನೂ ಮಾಡಲು ಬಾರದವನಂತೆ ಹಳದಿ ಪುಡಿಯನ್ನೇ ಕದಡಿದ. ಬಟ್ಟಲು ಮೇಜಿನ ಮೇಲಿಟ್ಟು ಎದುರು ಕೂತ. ಫೋನು ಜೇಬಿನಲ್ಲೇ ಇತ್ತು. ಅವಳು ಕಾದಳು. ಆಮೇಲೆ ಎಡಗೈ ಎತ್ತಿ ಅವನ ಜೇಬನ್ನು ತೋರಿಸಿದಳು. "ಬೇಡ ಅಕ್ಕಾ," ಎಂದ. "ನಿಂಗೆ ಗೊತ್ತಂತೆ." ಅವಳ ರೆಪ್ಪೆ ಹೌದೆಂದಿತು. "ಮತ್ತೆ ಯಾಕೆ ಸುಮ್ನಿದ್ದೆ? ಬೈಬೋದಿತ್ತಲ್ಲ. ಬಟ್ಟಲು ಎತ್ತಿ ಬಿಸಾಕ್ಬೋದಿತ್ತಲ್ಲ." ಅವಳು ಹೇಳತೊಡಗಿದಳು. ಒಂದೊಂದು ಅಕ್ಷರವೂ ತುಟಿಯ ತಪ್ಪು ಕಡೆಯಿಂದ ಒದ್ದೆಯಾಗಿ ಬಂತು. ಕೆಟ್ಟ ಅಚ್ಚನ್ನು ಓದುವಂತೆ ಅವನು ಅವನ್ನು ಕೂಡಿಸಿಕೊಳ್ಳಬೇಕಾಯಿತು. ಕೂಡಿಸಿಕೊಂಡಾಗ ಸಿಕ್ಕಿದ್ದು ಇಷ್ಟು: "ಅದನ್ನ ಹಿಡ್ಕೊಂಡಾಗ ಮಾತ್ರ ನನ್ನ ಮುಖ ನೋಡ್ತೀಯ."

ಕ್ಯಾಲೆಂಡರಿನ ಕಡೆ ತಿರುಗಲು ಹೋದ ಕಣ್ಣನ್ನು ಅವನು ಬಲವಂತವಾಗಿ ಹಿಡಿದು ನಿಲ್ಲಿಸಿದ. ಮುಖ ನೋಡಿದ. ಎಳೆದುಕೊಂಡ ತುಟಿ, ಮೂಲೆಯಲ್ಲಿ ಕೂಡುತ್ತಿದ್ದ ಜೊಲ್ಲು, ಜೋತುಬಿದ್ದ ಬಲರೆಪ್ಪೆ. ಪ್ರೀತಿ ಉಕ್ಕಿ ಬರುತ್ತದೆಂದು ಒಂದು ಗಳಿಗೆ ಕಾದ. ಬಂದದ್ದು ಅದೇ ಅಸಹ್ಯ; ಅದನ್ನು ಅವಳು ನೋಡುತ್ತಿದ್ದಾಳೆ, ಅವನ ಮುಖದ ಮೇಲೆ ಸಾಲು ಸಾಲಾಗಿ ಓದುತ್ತಿದ್ದಾಳೆ ಎಂದೂ ಗೊತ್ತಾಯಿತು. ಚಮಚಕ್ಕೆ ಕೈ ಹಾಕಿದ. ಅವಳ ಎಡಗೈ ಅದಕ್ಕಿಂತ ಮೊದಲೇ ಹೋಗಿ ಚಮಚ ಹಿಡಿದಿತ್ತು. ಬಟ್ಟಲಿಗದ್ದಿ, ತುಂಬಿಸಿ, ನಡುಗುತ್ತ ನಡುಗುತ್ತ ಮೇಜಿನುದ್ದಕ್ಕೂ ಚೆಲ್ಲುತ್ತ ಅದನ್ನು ಎತ್ತಿದಳು. ತನ್ನ ಬಾಯಿಯತ್ತ ಅಲ್ಲ. "ಬಾಯಿ ತೆಗಿ," ಎಂದಳು. ಈ ಮಾತು ಮಾತ್ರ ಸ್ಪಷ್ಟವಾಗಿತ್ತು.

ತೆರೆದ. ನಲವತ್ತು ದಿನದಲ್ಲಿ ಒಂದು ಹನಿಯನ್ನೂ ಅವನು ನಾಲಗೆಗೆ ಹಚ್ಚಿ ನೋಡಿರಲಿಲ್ಲ. ಉಪ್ಪು, ಸುಣ್ಣದಂಥ ಹಿಟ್ಟು, ಅದರಡಿಯಲ್ಲಿ ಯಾವುದೋ ಹಳಸಿದ ಜಿಡ್ಡು. ನುಂಗಿದಮೇಲೂ ಅದು ಅಂಗುಳದಲ್ಲಿ ತೆಳ್ಳಗೆ ಹೊದ್ದುಕೊಂಡು ಉಳಿಯಿತು. "ಹೇಗಿದೆ?" ಎಂದಳು. ಚೆನ್ನಾಗಿದೆ ಎನ್ನಲು ನಾಲಗೆ ಹೊರಳಿತು. "ಚೆನ್ನಾಗಿಲ್ಲ," ಎಂದ. "ಗೊತ್ತು," ಎಂದು ಅಕ್ಕ ಇನ್ನೊಂದು ಚಮಚ ತುಂಬಿದಳು. ಹೊರಗೆ ಬಾಗಿಲು ತೆರೆದ ಸದ್ದಾಯಿತು, ಹೆಂಡತಿ ಚಪ್ಪಲಿ ಬಿಚ್ಚಿ ಬಂದು ಕೋಣೆಯ ಹೊಸ್ತಿಲಲ್ಲಿ ನಿಂತಳು. ಚೀಲವನ್ನು ಎದೆಗವಚಿಕೊಂಡು ನಿಂತೇ ಇದ್ದಳು. ಅವನು ಮೂರನೆಯದನ್ನು ನುಂಗಿದ, ನಾಲ್ಕನೆಯದನ್ನು ನುಂಗಿದ. ಗಂಟಲು ಗೊಳಕ್ಕೆಂದಿತು. ಅರ್ಧ ಗದ್ದದ ಮೇಲೆ ಇಳಿಯಿತು, ಅಂಗಿಯ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲು ಹೋಗಲಿಲ್ಲ. ಅವಳೇ ಚಮಚದ ಅಂಚಿನಿಂದ ಅವನ ಗದ್ದವನ್ನು ಕೆರೆದು, ಕೆರೆದದ್ದನ್ನು ಮತ್ತೆ ಅವನ ಬಾಯಿಗಿಟ್ಟಳು. ಸಿಟ್ಟಿರಲಿಲ್ಲ, ಅವಸರವೂ ಇರಲಿಲ್ಲ. ಬಟ್ಟಲಿನಲ್ಲಿ ಇನ್ನೂ ಇತ್ತು.